ಹಾಕಿದವರೇ ತೆಗೆಯಬೇಕು

ರಗಳೆಗೆಲ್ಲ ಮೂಲ ಒಂದು ಕೆಂಪು ಬೀಗ. ಎರಡು ದಿನದ ವಿದ್ಯುತ್ ತರಬೇತಿ ಮುಗಿಸಿದ ಲಾಂಡ್ರಿಯ ಫಿಟರ್‌ಗೆ ಅದನ್ನು ಕೊಟ್ಟು ಕಳುಹಿಸಿದ್ದರು. "ನೀವು ಎಲೆಕ್ಟ್ರಿಷಿಯನ್ ಅಲ್ಲ, ಬೋರ್ಡಿನೊಳಗೆ ಕೈ ಹಾಕಬೇಡಿ. ಯಂತ್ರ ಬಿಚ್ಚುವ ಮುನ್ನ ಮೇನ್ ಸ್ವಿಚ್ ಆರಿಸಿ, ನಿಮ್ಮ ಬೀಗ ಜಡಿದು, ಕರೆಂಟ್ ಇಲ್ಲವೆಂದು ಪರೀಕ್ಷಿಸಿ. ಬೀಗ ಹಾಕಿದವರೇ ಎದುರು ನಿಂತು ತೆಗೆಯಬೇಕು" ಎಂದು ಗುರುಗಳು ಹೇಳಿದ್ದು ಅವನಿಗೆ ಪದ್ಯದ ಹಾಗೆ ಬಾಯಿಪಾಠವಾಗಿತ್ತು.

ಮರುದಿನ ಬೆಳಿಗ್ಗೆಯೇ ದೊಡ್ಡ ಒಗೆಯುವ ಯಂತ್ರ ಹಣ್ಣು ಮುದುಕನಂತೆ ಕೆಮ್ಮಿ, ನರಳಿ, ನಿಂತುಬಿಟ್ಟಿತು. ಆಸ್ಪತ್ರೆಯ ಹಾಸುಬಟ್ಟೆಗಳಲ್ಲಿ ಇನ್ನೂ ನಲವತ್ತು ಬಾಕಿ.

"ನಾಲ್ಕು ಗಂಟೆಗೆ ಗಾಡಿ ಹೊರಡಬೇಕು. ಹೊರಡಲಿಲ್ಲ ಅಂದ್ರೆ ನಾಳೆಯಿಂದ ನೀನೂ ಬರಬೇಡ" ಎಂದರು ಮ್ಯಾನೇಜರ್.

ಫಿಟರ್ ಸ್ವಿಚ್ ಆರಿಸಿ ಬೀಗ ಜಡಿದ. ಲಾಂಡ್ರಿಯ ಯಂತ್ರಗಳೆಲ್ಲ ಒಟ್ಟಿಗೇ ಮೌನವ್ರತ ಹಿಡಿದವು.

"ಅಯ್ಯೋ, ನನ್ನ ಇಸ್ತ್ರಿ ತಣ್ಣಗಾಯ್ತಲ್ಲೋ ತಮ್ಮಾ!" ಎಂದು ಇಸ್ತ್ರಿಯಕ್ಕ ಸೊಂಟದ ಮೇಲೆ ಕೈಯಿಟ್ಟು ಬಂದಳು. "ಒಂದು ಮೋಟಾರಿಗೆ ಇಡೀ ಮನೆ ದೀಪ ಆರಿಸ್ತಾರೇನೋ?"

"ಮೋಟಾರಿಗಲ್ಲಕ್ಕ, ನನಗೆ."

ವಾಚ್‌ಮನ್ ಮೀಸೆ ತಿರುವಿದ. "ಇದಕ್ಕೆಲ್ಲ ಬೀಗ ಯಾಕಯ್ಯಾ? ನಮ್ಮ ಭಾವ ರಬ್ಬರ್ ಚಪ್ಪಲಿ ಹಾಕ್ಕೊಂಡು ಬರಿಗೈಲೇ ಕರೆಂಟ್ ಹಿಡೀತಿದ್ದ."

"ಈಗೆಲ್ಲಿದ್ದಾರೆ?"

"ಫೋಟೋದಲ್ಲಿ."

ಅಷ್ಟರಲ್ಲಿ ಮ್ಯಾನೇಜರ್ ಸುತ್ತಿಗೆ ಹಿಡಿದೇ ಬಂದರು. "ಬೀಗ ತೆಗಿ. ಬೇರೆ ಯಂತ್ರಗಳು ಓಡಲಿ. ನೀನು ಹುಷಾರಾಗಿ ಬಿಚ್ಚು."

ಫಿಟರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತ. "ತೆಗೆಯಲ್ಲ ಸರ್."

"ಎದುರು ಮಾತಾಡ್ತೀಯಾ?"

"ಬೀಗ ಒಡೆದ್ರೆ ಹೊಸದು ಸಿಗುತ್ತೆ ಸರ್. ಕೈ ಹೋದ್ರೆ ನಿಮ್ಮ ಸ್ಟೋರ್‌ನಲ್ಲಿ ಬೇರೆ ಕೈ ಇದೆಯಾ?"

ಜನ್ಮದಲ್ಲಿ ಯಾರಿಗೂ ಎದುರಾಡದವನ ಬಾಯಿಂದ ಬಂದ ಮಾತಿಗೆ ಅವನೇ ಬೆಚ್ಚಿದ. ಆದರೆ ಬೆನ್ನು ಅಲುಗಲಿಲ್ಲ. ಮ್ಯಾನೇಜರರ ಸುತ್ತಿಗೆ ಮೆಲ್ಲಗೆ ಕೆಳಗಿಳಿಯಿತು.

"ಆಯ್ತು ಮಾರಾಯ. ಬೇರೆ ಯಾರಾದ್ರೂ ಯಂತ್ರದೊಳಗೆ ಕೈ ಹಾಕಬೇಕು ಅಂದ್ರೆ?"

ಫಿಟರ್ ಉಬ್ಬಿಹೋದ. ಆರು ತೂತಿನ ಕಬ್ಬಿಣದ ಕೊಂಡಿ ತಂದು ಸ್ವಿಚ್ಚಿಗೆ ಸಿಕ್ಕಿಸಿ, ತನ್ನ ಕೆಂಪು ಬೀಗವನ್ನು ಅದರ ಒಂದು ತೂತಿಗೆ ಹಾಕಿದ. "ಅವರವರ ಬೀಗ ಅವರವರು ಹಾಕಬೇಕು. ಕೊನೇ ಬೀಗ ಬಿಚ್ಚೋವರೆಗೂ ಕರೆಂಟ್ ಬರಲ್ಲ."

ಕರೆಂಟ್ ಹೇಗೂ ಇಲ್ಲವಲ್ಲ ಎಂದು ಇಸ್ತ್ರಿಯಕ್ಕ ತನ್ನ ಪೆಟ್ಟಿಗೆಯ ಬೀಗ ಹಾಕಿ ಇಸ್ತ್ರಿ ಯಂತ್ರದ ಒಳಗಿನ ನಾರು ಕೆರೆಯಲು ಕೂತಳು. ವಾಚ್‌ಮನ್ ಗೇಟಿನ ಬೀಗ ತಂದು ಫ್ಯಾನ್ ಒರೆಸಲು ಏಣಿ ಹತ್ತಿದ. ಮ್ಯಾನೇಜರರ ಪೆನ್ನು ಆರು ತಿಂಗಳಿಂದ ಒಣಗಿಸುವ ಯಂತ್ರದ ಹೊಟ್ಟೆಯಲ್ಲಿತ್ತು. ಅವರೂ ತಮ್ಮ ಬೀರುವಿನ ಹಿತ್ತಾಳೆ ಬೀಗ ತೂಗಿಸಿ, ತಲೆ ಒಳಗೆ ತೂರಿಸಿ, ಪೆನ್ನು ಹಿಡಿದು ಮಗುವಿನಂತೆ ನಕ್ಕರು.

"ಶಿಸ್ತು ಅಂದ್ರೆ ಇದು!" ಎಂದು ಫಿಟರ್‌ನ ಬೆನ್ನು ಚಪ್ಪರಿಸಿ, ನಾಲ್ಕಕ್ಕೆ ಬಟ್ಟೆ ಗಾಡಿ ಹತ್ತುವುದು ಖಂಡಿತ ಎಂದು ಖುದ್ದು ಭರವಸೆ ಕೊಡಲು ಆಸ್ಪತ್ರೆಗೆ ಹೊರಟರು.

ಒಂದು ಗಂಟೆಗೆ ಮೋಟಾರು ಸಿದ್ಧ. ಫಿಟರ್ ತನ್ನ ಬೀಗ ತೆಗೆದ. ಇಸ್ತ್ರಿಯಕ್ಕ ತೆಗೆದಳು. ವಾಚ್‌ಮನ್ ತೆಗೆದ. ಕೊಂಡಿಯಲ್ಲಿ ಹಿತ್ತಾಳೆಯದೊಂದು ಥಳಥಳ ಹೊಳೆಯುತ್ತ ಉಳಿಯಿತು.

ಎರಡು ಗಂಟೆಯ ದಾರಿಯಾಚೆಗಿನ ಆಸ್ಪತ್ರೆಯಲ್ಲಿ ಮ್ಯಾನೇಜರ್ ಫೋನ್ ಎತ್ತಿದಾಗ ಮೂರು ಹೊಡೆದಿತ್ತು. ಅಲ್ಲಿಯವರೆಗೆ ಎಷ್ಟು ಸಲ ಮಾಡಿದರೂ ಎತ್ತಿರಲಿಲ್ಲ.

"ಕೀ ನನ್ನ ಜೇಬಲ್ಲೇ ಇದೆ ಕಣೋ! ಒಡೆದುಹಾಕ್ರೋ ಅದನ್ನ!" ಫೋನಿನಿಂದ ಬಂದ ಮ್ಯಾನೇಜರರ ಕೂಗು ಲಾಂಡ್ರಿಗೆಲ್ಲ ಕೇಳಿಸಿತು.

ವಾಚ್‌ಮನ್ ಸುತ್ತಿಗೆ ಎತ್ತಿಕೊಂಡ. "ಸರಿಯಪ್ಪಾ, ಸಾಹೇಬರೇ ಹೇಳಿದ್ರಲ್ಲ."

ಫಿಟರ್ ಮತ್ತೆ ಬೋರ್ಡಿಗೆ ಬೆನ್ನು ಕೊಟ್ಟು ನಿಂತ. ಈ ಸಲ ಮಾತಾಡಲು ಬೆಚ್ಚಲಿಲ್ಲ.

"ಹಾಕಿದವರು ಎದುರು ನಿಲ್ಲಬೇಕು ಸರ್. ಫೋನಲ್ಲಿ ನಿಂತ್ರೆ ಆಗಲ್ಲ."

"ನನ್ನ ಬೀಗ ಕಣೋ ಅದು!"

"ಅದಕ್ಕೇ ಸರ್, ಕಾಯ್ತಿದ್ದೀನಿ."

"ಹಾಗಾದ್ರೆ ನಾಳೆಯಿಂದ ಬರಬೇಡ!"

"ನಾಳೆ ಬರಲ್ಲ ಸರ್" ಎಂದ ಫಿಟರ್. "ಇವತ್ತು ಮಾತ್ರ ಇಲ್ಲಿಂದ ಕದಲಲ್ಲ."