ಬೀಗರ ಮನೆಯ ಮುಚ್ಚಿದ ಕೋಣೆ

"'ಈ ಮನೆಯಲ್ಲಿ ಎಷ್ಟು ಜನ ಇದ್ದೇವೆ ಎಂದು ಕೇಳಬೇಡಿ. ಊಟಕ್ಕೆ ಎಲೆ ಹಾಕುವಾಗ ಎಣಿಸಿ, ಮಲಗುವಾಗ ಎಣಿಸಿ. ಎರಡೂ ಒಂದೇ ಬಂದರೆ ಅದು ನಿಮ್ಮ ಪುಣ್ಯ. ಆ ಕೋಣೆಯ ಬಾಗಿಲನ್ನು ಮುಚ್ಚಿದ್ದು ನಾನಲ್ಲ, ತೆರೆದದ್ದೂ ನಾನಲ್ಲ. ಒಳಗಿದ್ದವರು ಹೊರಗೆ ಬಂದರೋ, ಹೊರಗಿದ್ದ ನಾವೇ ಒಳಗೆ ಹೋದೆವೋ, ಅದನ್ನು ನೀವೇ ಯೋಚಿಸಿ. ದೀಪ ಆರಿಸುತ್ತೇನೆ. ಗಾಳಿ ಬೀಸಿದರೆ ನನ್ನನ್ನು ಹೆಸರು ಹಿಡಿದು ಕೂಗಬೇಡಿ...' ಅಂದ್ಬುಟ್ಟು ಸೊಸೆ ದೀಪ ಆರಿಸಿದ್ಲು. ಮುಗೀತು. ಈಗ ಹೇಳಿ, ಅಂಥಾ ಮನೇಗೆ ನನ್ನ ಮಗಳನ್ನ ಕೊಡೋದಾ?"

ಕಳೆದ ವಾರ ಮುಗಿದ ದೆವ್ವದ ಮನೆಯ ಧಾರಾವಾಹಿಯ ಕೊನೆಯ ಮಾತನ್ನು ಗುರುಬಸಮ್ಮ ಒಂದಕ್ಷರ ಬಿಡದೆ ಒಪ್ಪಿಸಿದ್ದಳು. ಕೇಳುತ್ತಿದ್ದವನು ಅವಳ ಗಂಡ ಮಾದಯ್ಯ. ನಂಜನಗೂಡಿನ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಮಗಳು ನಯನಳಿಗೆ ನರಸೀಪುರದ ಕಡೆಯ ಅಮೃತೇಶನ ಸಂಬಂಧ ಬಂದಿತ್ತು. ಅವರು ಬಂದು ಹೆಣ್ಣು ನೋಡಿ ಹೋಗಿದ್ದರು. ಹನ್ನೆರಡು ದಿನದ ಹಿಂದೆ ಇವರು ಹೋಗಿ ಮನೆ ನೋಡಿ ಬಂದಿದ್ದರು. ಮಾತು ತೆಗೆದುಕೊಂಡು ಹೋಗಲು ಗಂಡಿನ ಸೋದರತ್ತೆ ಪುಟ್ಟಬಸಮ್ಮ ಇವತ್ತು ಹನ್ನೊಂದರ ಬಸ್ಸಿಗೆ ಬರುವವಳಿದ್ದಳು.

ಮಾದಯ್ಯ: ಅದು ಟೀವಿ ಮನೆ ಕಣೇ. ನಾವು ನೋಡಿದ್ದು ಅಮೃತೇಶನ ಮನೆ.

ಗುರುಬಸಮ್ಮ: ಎರಡೂ ಒಂದೇ. ಅಲ್ಲೂ ಹಿಂದ್ಗಡೆ ಒಂದು ಕೋಣೆ ಮುಚ್ಚಿತ್ತು, ಇಲ್ಲೂ ಮುಚ್ಚಿತ್ತು.

ಮಾದಯ್ಯ: ನಮ್ಮನೇಲೂ ಒಂದು ಕೋಣೆ ಮುಚ್ಚೇ ಅದೆ. ಬಾಗಿಲು ತೆಗೆದ್ರೆ ನಿನ್ನ ಹಳೇ ಪಾತ್ರೆ ಮೈಮೇಲೆ ಬೀಳ್ತವೆ ಅಂತ.

ಗುರುಬಸಮ್ಮ: ಆಡ್ಕಳಿ. ಧಾರಾವಾಹಿ ನೋಡೋಕೂ ತಲೆ ಬೇಕು. ಆ ಮನೆ ಗಡಿಯಾರ ಒಂದೂವರೆ ವರ್ಷ ನಾಕು ಹತ್ತೇ ತೋರಿಸ್ತು. ಯಾರ್ ನೋಡಿದ್ರು? ನಾನು ನೋಡಿದೆ.

ಮಾದಯ್ಯ: ಸೆಲ್ಲು ಹಾಕಿರಲಿಲ್ಲ.

ಗುರುಬಸಮ್ಮ: ಅಜ್ಜನ ಫೋಟೋ ಒಂದು ವಾರ ಆ ಕಡೆ ವಾಲಿರ್ತಿತ್ತು, ಒಂದು ವಾರ ಈ ಕಡೆ.

ಮಾದಯ್ಯ: ಮೊಳೆ ಸಡಿಲ.

ಗುರುಬಸಮ್ಮ: ಸೊಸೆ ದಿನಾ ಅದೇ ನೀಲಿ ಸೀರೆ!

ಮಾದಯ್ಯ: ಅವರಿಗೆ ಇದ್ದಿದ್ದೇ ಒಂದು ಸೀರೆ. ನನ್ನ ಅಂಗಡೀಗೆ ಬಂದಿದ್ರೆ ಇನ್ನೊಂದು ಕೊಡ್ತಿದ್ದೆ. ಕೊನೇಗೆ ಏನಾಯ್ತು ಅಂತ ಹೇಳೋಕೆ ಬರದೆ ಕತೆ ಬರೆದೋನು 'ನೀವೇ ಯೋಚಿಸಿ' ಅಂದ. ಗಿರಾಕಿ ಬಂದು ಈ ಪಂಚೆ ಎಷ್ಟು ಮೊಳ ಅಂದ್ರೆ, ನೀವೇ ಯೋಚಿಸಿ ಅಂದ್ಬುಟ್ಟು ನಾನು ದೀಪ ಆರಿಸ್ಲಾ?

ಹಿತ್ತಿಲಿನಿಂದ ನಯನ ಒಳಗೆ ಬಂದಳು. ಕೈಯೆಲ್ಲ ಸಂಡಿಗೆ ಹಿಟ್ಟು.

ನಯನ: ಅವ್ವ, ನಾನು ಒಪ್ಪಿದೀನಿ ಅಂತ ಹೇಳಾಯ್ತಲ್ಲ. ಹೋದ ವರ್ಷ ಬಂದೋನ್ನ ಹುಬ್ಬು ಕೂಡಿದೆ ಅಂತ ಬಿಡಿಸಿದೆ. ಆಮೇಲೆ ಬಂದೋನ್ನ ಅವರ ಮನೆ ಬೆಕ್ಕು ನಿನ್ನ ದುರುಗುಟ್ಟಿ ನೋಡ್ತು ಅಂತ ಬಿಡಿಸಿದೆ. ಇವರನ್ನ ಬಿಡಿಸಿದ್ರೆ ನಾನು ಇನ್ಯಾರ ಮುಂದೂ ಕಾಫಿ ಲೋಟ ಹಿಡ್ಕೊಂಡು ನಿಲ್ಲಲ್ಲ.

ಗುರುಬಸಮ್ಮ: ನೀನು ಆ ಮನೆ ನೋಡಿಲ್ಲ ಮಗ. ಉರಿಬಿಸಿಲು, ಆ ಕೋಣೆ ಕಿಟಕಿಗೆ ಮಾತ್ರ ಒದ್ದೆ ಗೋಣಿತಾಟು. ಒಳಗಡೆ ಮಳೆ ಬಿದ್ದಂಗೆ ಸರಸರ ಸರಸರ ಸದ್ದು. ಹೊರಗೆ ಒಂದು ಹನಿ ಇಲ್ಲ.

ಮಾದಯ್ಯ: ಇಲಿ ಇರಬೇಕು.

ಗುರುಬಸಮ್ಮ: ಹಗಲೊತ್ತು, ಅಷ್ಟೊಂದು ಇಲೀನಾ? ಮುದುಕಿ ಒಬ್ಬಳು ಬುಟ್ಟಿ ತುಂಬ ಏನೋ ಹೊತ್ಕೊಂಡು ಒಳಗೆ ಹೋಗೋಳು, ಬರಿಗೈಲಿ ಬರೋಳು. ಮೂರು ಸಲ! ನಾನು ಆ ಕಡೆ ಎರಡು ಹೆಜ್ಜೆ ಇಟ್ಟೆ ನೋಡಿ, ಗಂಡಿನ ತಾಯಿ ರಾಚಮ್ಮ ಓಡಿಬಂದು ನನ್ನ ಮುಡೀಲಿದ್ದ ಮಲ್ಲಿಗೆ ಹೂವನ್ನೇ ಕಿತ್ಕೊಂಡ್ಲು. 'ಇದರ ವಾಸನೆ ಅವಕ್ಕಾಗಲ್ಲ' ಅಂದ್ಲು. ಯಾವಕ್ಕೆ ಅಂದ್ರೆ ಬಾಯೇ ಬಿಡಲಿಲ್ಲ. ಮಲ್ಲಿಗೆ ವಾಸನೆ ಆಗದೆ ಇರೋವು ಯಾವು? ನೀವೇ ಹೇಳಿ.

ಮಾದಯ್ಯ ಇದ್ಯಾವುದನ್ನೂ ಕಂಡಿರಲಿಲ್ಲ. ಅವತ್ತು ಅವನು ಗಂಡಸರ ಜೊತೆ ಜಗಲಿಯಲ್ಲಿ ಕೂತು ನಾಲೆ ನೀರಿನ ಮಾತಾಡಿ, ನಾಲ್ಕು ಒಬ್ಬಟ್ಟು ತಿಂದು ಎದ್ದು ಬಂದಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಪುಟ್ಟಬಸಮ್ಮ ಬಂದಿದ್ದಳು. ಕಾಲು ತೊಳೆದು ಒಳಗೆ ಬಂದು, ಬಸ್ಸಿನವನನ್ನು ಒಂದಿಷ್ಟು ಬಯ್ದು, ನೀರು ಕುಡಿದಳು. ನಯನ ಹಿಟ್ಟಿನ ಕೈಯೆಂದು ಹಿತ್ತಿಲಿಗೆ ಸರಿದಳು.

ಪುಟ್ಟಬಸಮ್ಮ: ಏನಕ್ಕ, ಮಾತು ಏಳ್ಬುಡಿ. ಒಂದೂವರೆ ಬಸ್ಸಿಗೆ ನಾ ವಾಪಸ್ ಓಗ್ಬೇಕು.

ಗುರುಬಸಮ್ಮ: ಹೇಳ್ತೀನಿ. ಮೊದಲು ಆ ಕೋಣೇಲಿ ಯಾರವ್ರೆ ಅಂತ ನೀವು ಹೇಳಿ.

ಪುಟ್ಟಬಸಮ್ಮ: ಯಾವ ಕೋಣೆ?

ಗುರುಬಸಮ್ಮ: ಮುದುಕಿ ಬುಟ್ಟಿ ಹೊತ್ಕೊಂಡು ಹೋಗ್ತಿದ್ರಲ್ಲ, ಆ ಕೋಣೆ.

ಪುಟ್ಟಬಸಮ್ಮ: ಅದಾ? ಈಗ ಯಾರೂ ಇಲ್ಲ. ಮೊನ್ನೆ ಎಲ್ಲಾರ್ನೂ ರಾಮನಗರಕ್ಕೆ ಕಳಿಸ್ಬುಟ್ಟೊ.

ಗುರುಬಸಮ್ಮ: ಎಲ್ಲಾರ್ನೂ! ಎಷ್ಟು ಜನ?

ಪುಟ್ಟಬಸಮ್ಮ: ಜನ ಎಲ್ಲಕ್ಕ? ರೇಸ್ಮೆ ಉಳ. ಇನ್ನೂರು ಮೊಟ್ಟೆ ಸಾಕಿದ್ದೊ, ಲಕ್ಷದ ಅತ್ತತ್ರ ಉಳ. ನೀವು ಬಂದಾಗ ಕಡೇ ಮೇವು ಮೇಯ್ತಿದ್ವು. ಸೊಪ್ಪು ಆಕಿದ್ರೆ ಸರಸರ ಅನ್ನೋವು, ಮಳೆ ಉಯ್ದಂಗೆ. ತಂಪಿಗೆ ಗೋಣಿತಾಟು ಕಟ್ಟಿದ್ದೊ. ಊವು, ಸೆಂಟು, ಊದುಬತ್ತಿ ಯಾವ ವಾಸ್ನೇನೂ ಅವಕ್ಕಾಗಕಿಲ್ಲ.

ಮಾದಯ್ಯ ತೊಡೆ ತಟ್ಟಿಕೊಂಡು ನಕ್ಕ.

ಮಾದಯ್ಯ: ದೆವ್ವ ಸೊಪ್ಪು ತಿಂತಿತ್ತಂತೆ ಕಣೇ!

ಗುರುಬಸಮ್ಮ: ನೀವು ಸುಮ್ನಿರಿ. ಮೂವತ್ತು ವರ್ಷದಿಂದ ರೇಷ್ಮೆ ಸೀರೆ ಮಾರ್ತೀರಿ, ಹುಳದ ಸದ್ದು ಗೊತ್ತಾಗಲಿಲ್ಲ. ಇಲಿಯಂತೆ! ಅಲ್ಲ ಪುಟ್ಟಬಸಮ್ಮ, ಅವತ್ತೇ ಹುಳ ಅಂತ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?

ಪುಟ್ಟಬಸಮ್ಮ: ಚೆಂದಾಗಿ ಮೇಯ್ತಿರೋ ಉಳಾನ ಒಸಬ್ರಿಗೆ ತೋರ್ಸಾರಾ? ಬಾಯಿಬುಟ್ಟೂ ಏಳಾಕಿಲ್ಲ. ಕಣ್ಣು ಬಿದ್ರೆ ಬೆಳೆ ಓಯ್ತದೆ. ಗೂಡು ಕಟ್ಟಿ, ರಾಮನಗರದ ಮಾರ್ಕೆಟ್ನಲ್ಲಿ ಮಾರಾಟ ಆದ್ಮೇಲೇನೆಯ ಏಳೋದು. ಅದ್ಕೇ ಈಗ ಏಳ್ತಾವ್ನಿ.

ಗುರುಬಸಮ್ಮನ ಮುಖ ಸಡಿಲಾಯಿತು. ಬಂದವಳಿಗೆ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತಳು.

ಗುರುಬಸಮ್ಮ: ಹಂಗಿದ್ರೆ ಸರಿ. ನಮ್ಮದು ಒಪ್ಪಿಗೆ ಅಂತ ಹೇಳ್ಬುಡಿ.

ಪುಟ್ಟಬಸಮ್ಮ ಲೋಟ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿದಳು.

ಪುಟ್ಟಬಸಮ್ಮ: ನಿಮ್ದು ಆಯ್ತು ಕಣಕ್ಕ. ನಮ್ಮ ರಾಚಕ್ಕನ್ದೇ ಒಂದು ಅನುಮಾನ ಉಳ್ಕಂಡದೆ.

ಮಾದಯ್ಯ: ಏನು ಅನುಮಾನ?

ಪುಟ್ಟಬಸಮ್ಮ: ದೆವ್ವದ ಮನೆ ಧಾರಾವಾಹಿ ಬತ್ತಿತ್ತಲ್ಲ, ರಾಚಕ್ಕ ಅದನ್ನ ಒಂದಿನಾನೂ ಬುಟ್ಟೋಳಲ್ಲ. ಆ ಸೊಸೆಗೆ ಸುರುವಿಂದ ಕೊನೇಗಂಟ ನೆಳ್ಳೇ ಬೀಳ್ನಿಲ್ಲ. ನೀವು ನೋಡಿದ್ರಾ?

ಗುರುಬಸಮ್ಮ: ನೆರಳಾ? ಅದನ್ನ ನಾನು ನೋಡಲೇ ಇಲ್ವಲ್ಲ!

ಒಂದೂವರೆ ವರ್ಷ ಗಡಿಯಾರವನ್ನೂ ಫೋಟೋವನ್ನೂ ಕಾವಲು ಕಾದವಳಿಗೆ ಇದು ತಪ್ಪಿಹೋಗಿದ್ದು ಸಹಿಸಲಾಗಲಿಲ್ಲ.

ಪುಟ್ಟಬಸಮ್ಮ: ಎಣ್ಣು ನೋಡಾಕೆ ಬಂದಿದ್ವಲ್ಲ ಅವತ್ತು, ನಿಮ್ಮ ಮಗ್ಳು ಒಳಗಿಂದ ಕಾಫಿ ತಂದ್ಲು. ಕಾಲ್ದು ಒಂಚೂರು ಸದ್ದಿಲ್ಲ. ಒಂದು ಮಾತಿಲ್ಲ. ಗೋಡೆ ಮ್ಯಾಲೆ ನೆಳ್ಳಿಲ್ಲ. ರಾಚಕ್ಕ ಎದ್ರುಕೊಂಡವ್ಳೆ.

ಗುರುಬಸಮ್ಮ ತನ್ನ ಅರಿವಿಲ್ಲದೆ ಹಿತ್ತಿಲ ಕಡೆ ಕತ್ತು ತಿರುಗಿಸಿ ನೋಡಿದಳು. ಮಾದಯ್ಯ ಅದನ್ನು ಕಂಡ.

ಮಾದಯ್ಯ: ಏನೇ, ಹೆತ್ತ ಮಗಳ ಮೇಲೆ ನಿನಗೂ ಅನುಮಾನ ಬಂತಾ?

ಅಷ್ಟೇ ಸಾಕಾಯಿತು. ಗುರುಬಸಮ್ಮ ಧಡಕ್ಕನೆ ಎದ್ದಳು.

ಗುರುಬಸಮ್ಮ: ಅವತ್ತು ಕರೆಂಟು ಹೋಗಿತ್ತಮ್ಮಾ! ಕತ್ತಲೇಲಿ ಯಾರಿಗೆ ನೆರಳು ಬೀಳ್ತದೆ? ನಿಮಗೆ ಬಿದ್ದಿತ್ತಾ, ನಿಮ್ಮ ರಾಚಕ್ಕನಿಗೆ ಬಿದ್ದಿತ್ತಾ? ಗೆಜ್ಜೆ ಕೊಂಡಿ ಮುರಿದಿತ್ತು, ಅದಕ್ಕೆ ಸದ್ದಿಲ್ಲ. ಮಾತಾಡಬೇಡ ಅಂತ ಬಾಯಿ ಹೊಲಿದಂಗೆ ಕೂರಿಸಿದ್ದು ನಾನು. ಆ ಟೀವಿಯೋರಿಗೆ ಮಾಡೋಕೆ ಕೆಲಸ ಇಲ್ಲ, ನೋಡೋರಿಗೆ ಬುದ್ಧಿ ಇಲ್ಲ. ಲೈಟು ಎಲ್ಲಿ ಹಿಡೀಬೇಕು ಅಂತ ತಿಳೀದೋನು ತೆಗೆದ ಧಾರಾವಾಹಿ ನಂಬ್ಕೊಂಡು ನನ್ನ ಮಗಳನ್ನ ದೆವ್ವ ಅಂತೀರಾ?

ಮಾದಯ್ಯ: ಕೇಳ್ಕಳಿ ಪುಟ್ಟಬಸಮ್ಮ. ಇದನ್ನೇ ನಾನು ಬೆಳಗಿಂದ ಹೇಳ್ತಿದ್ದೆ, ಒಂದೂವರೆ ವರ್ಷದಿಂದ ಹೇಳ್ತಿದ್ದೆ. ಇವತ್ತು ಇವಳ ಬಾಯಲ್ಲೇ ಬಂತು.

ಪುಟ್ಟಬಸಮ್ಮ: ನಾ ಎಲ್ಲಕ್ಕ ಅಂದೆ? ರಾಚಕ್ಕ ಅಂತಾಳೆ. ನಂಗೆ ಟೀವಿನೂ ಬ್ಯಾಡ, ದೆವ್ವಾನೂ ಬ್ಯಾಡ. 'ನೀನು ಕಣ್ಣಾರೆ ನೋಡ್ಕಂಡು ಬಾ, ನೆಳ್ಳಿದ್ರೆ ವೀಳ್ಯದೆಲೆ ಬದ್ಲಾಯಿಸೋ ದಿನ ಏಳ್ಬುಟ್ಟು ಬಾ' ಅಂದವ್ಳೆ. ಒಂದು ಗಳಿಗೆ ಮಗೀನ ಬಿಸ್ಲಿಗೆ ಕರೀರಿ ಅತ್ಲಾಗೆ.

ಗುರುಬಸಮ್ಮ: ಕರೆಯಲ್ಲ! ಸಂತೇಲಿ ದನ ನಡೆಸಿದಂಗೆ ನನ್ನ ಮಗಳನ್ನ ನಡೆಸ್ತೀರಾ?

ಕರೆಯುವ ಅಗತ್ಯವೇ ಬೀಳಲಿಲ್ಲ. ಹಿತ್ತಿಲ ಬಾಗಿಲು ತೆರೆದೇ ಇತ್ತು. ನಯನ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಿಟ್ಟಿನ ಪಾತ್ರೆ ಕೆಳಗಿಟ್ಟು ಹಿತ್ತಿಲ ನಡುವೆ, ನೆತ್ತಿಯ ಮೇಲಿನ ಬಿಸಿಲಿಗೆ ಬಂದು ನಿಂತಳು.

ನಯನ: ಬನ್ನಿ ಅತ್ತೆ, ನೋಡ್ಕಳಿ. ಸುತ್ತಾನೂ ತಿರುಗ್ಲಾ?

ಪುಟ್ಟಬಸಮ್ಮ ಹೊಸ್ತಿಲು ದಾಟಿ, ಸಂಡಿಗೆ ಹಾಕಿದ್ದ ಸೀರೆಯ ಅಂಚಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಬಗ್ಗಿ ಹುಡುಗಿಯ ಪಾದದ ಸುತ್ತ ನೋಡಿದಳು.

ಪುಟ್ಟಬಸಮ್ಮ: ಅದೆ ಕಣಕ್ಕ, ಅದೆ. ಆದ್ರೆ ಇಷ್ಟೇ ಇಷ್ಟಾ ಮಗ? ಅಂಗೈಯಗಲ!

ನಯನ: ಹನ್ನೆರಡು ಗಂಟೆಗೆ ಇಷ್ಟೇ ಅತ್ತೆ. ಉದ್ದ ಬೇಕು ಅಂದ್ರೆ ಸಾಯಂಕಾಲದಗಂಟ ಇರಿ, ಹಿಂದ್ಗಡೆ ಮನೆ ಗೋಡೆಗಂಟ ಕೊಡ್ತೀನಿ. ಅಲ್ಲೀಗಂಟ ನಿಮ್ಮ ನೆರಳು ಒಂಚೂರು ಅತ್ಲಾಗೆ ತಗಳಿ, ಸಂಡಿಗೆ ಮೇಲೆ ಬಿದ್ದದೆ.

ಪುಟ್ಟಬಸಮ್ಮ ಗಾಬರಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಆಮೇಲೆ ಅವಳಿಗೇ ನಗು ಬಂತು.

ಪುಟ್ಟಬಸಮ್ಮ: ಮಾತೂ ಅದೆ! ರಾಚಕ್ಕಂಗೆ ಸರಿಯಾದ ಸೊಸೆ ಕಣಕ್ಕ. ಬರೋ ಸ್ವಾಮಾರ ಎಲೆ ಬದ್ಲಾಯ್ಸೋಕೆ ಬತ್ತೀವಿ.

ಮಾದಯ್ಯ ಅವಳನ್ನು ಬಸ್ಸಿಗೆ ಹತ್ತಿಸಲು ಹೊರಟ. ಗುರುಬಸಮ್ಮ ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ಇಳಿದಳು. ಹಳೆಯ ಸೀರೆಯ ಮೇಲೆ ಇನ್ನೂ ಎರಡು ಸಾಲಿಗೆ ಜಾಗವಿತ್ತು. ತಾಯಿ ಹಿಟ್ಟು ಕಲಕಿ ಕೊಟ್ಟಳು, ಮಗಳು ಚಮಚದಲ್ಲಿ ಒಂದೊಂದಾಗಿ ಸಂಡಿಗೆ ಬಿಡುತ್ತ ಹೋದಳು.