ಇಪ್ಪತ್ತಮೂರು ಏಡಿಗಳ ಬಿಡುಗಡೆ

ಬೆಳಿಗ್ಗೆ ಆರೂ ಮುಕ್ಕಾಲು. ಜಿನಚಂದ್ರ ಗೌಡರ ಬಲಗೈ ಮೊಣಕೈಯವರೆಗೆ ಏಡಿಯ ಬಿಲದೊಳಗಿತ್ತು.

ಜನವರಿಯ ಚಳಿ. ಪನಮರಂ ಬಯಲಿನ ಮಂಜು ಇನ್ನೂ ಎದ್ದಿರಲಿಲ್ಲ. ಪುಂಚ ಎನ್ನುವ ಬೇಸಿಗೆ ಭತ್ತದ ಸಸಿಮಡಿಗೆ ಬಿಟ್ಟ ನೀರು ಮೂರು ದಿನದಿಂದ ಬದುವಿನ ಬಿಲಗಳಲ್ಲಿ ಸೋರಿಹೋಗುತ್ತಿತ್ತು. ಅಕ್ಕಪಕ್ಕದವರಾದರೆ ಬಿಲಕ್ಕೆ ವಿಷದ ಕಾಳು ಹಾಕಿ ಮಣ್ಣು ಮುಚ್ಚುತ್ತಾರೆ. ಗೌಡರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣದವರು. ಸಾಲದ್ದಕ್ಕೆ ಅಂದು ಸಂಜೆ ನಾಲ್ಕಕ್ಕೆ ಬಸದಿ ಸಮಿತಿಯ ಸಭೆ. ಹನ್ನೊಂದು ವರ್ಷ ಸದಸ್ಯರಾಗಿ ಜಮಖಾನ ಹಾಸಿ, ಮಡಿಸಿ ಇಟ್ಟವರನ್ನು ಈ ಸಲ ಅಧ್ಯಕ್ಷರನ್ನಾಗಿ ಮಾಡುವುದೆಂದು ಮಾತಾಗಿತ್ತು. ಅಂಥವರು ಏಡಿ ಕೊಲ್ಲುವುದುಂಟೆ? ಜೀವಸಹಿತ ಹಿಡಿದು ಹೊಳೆಗೆ ಬಿಡುವುದೆಂದು ತೀರ್ಮಾನಿಸಿದ್ದರು.

ಬದುವಿನ ಮೇಲೆ ಗದ್ದೆಯಾಚೆಯ ಹಾಡಿಯ ಹೆಂಗಸು ಮಾತಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಆ ಬಯಲಲ್ಲಿ ಏಡಿ ಹಿಡಿಯಲು ಅವಳಷ್ಟು ಪಳಗಿದವರು ಇನ್ನೊಬ್ಬರಿರಲಿಲ್ಲ.

"ಅರ್ಧ ನಂಗೆ ಕೊಡಿ ಗೌಡ್ರೇ, ಒಂದು ಗಳಿಗೇಲಿ ಎಲ್ಲಾ ಹಿಡ್ದು ಕೊಡ್ತೀನಿ."

"ಒಂದೂ ಕೊಡಲ್ಲ. ನೀನು ಸಾರು ಮಾಡ್ತೀ. ನಾನು ಹೊಳೆಗೆ ಬಿಡೋದು."

"ಬಿಡೋಕೆ ಹಿಡಿಯೋದಾ?" ಮಾತಿ ನಕ್ಕಳು. "ಆಗ್ಲಿ, ಬೆನ್ನು ಹಿಡೀರಿ."

"ಅಯ್ಯಮ್ಮಾ!"

"ಬೆನ್ನು ಅಂದೆ. ಇಕ್ಕಳ ಅನ್ಲಿಲ್ಲ."

ಎಂಟೂವರೆಯ ಹೊತ್ತಿಗೆ ಪೇಂಟ್ ಬಕೆಟ್ಟಿನಲ್ಲಿ ಇಪ್ಪತ್ತಮೂರು ಏಡಿಗಳಿದ್ದವು. ಮಾತಿ ತನ್ನ ಕೆಲಸ ನೋಡಿಕೊಳ್ಳಲು ಹೋದಳು. ಗೌಡರು ಬಕೆಟ್ಟಿಗೆ ಮುಚ್ಚಳ ಹಾಕಿ ತಲೆಯೆತ್ತಿದರೆ ಎದುರಿಗೆ ಚಿಕ್ಕಪ್ಪನ ಮಗ ಶ್ರೇಯಾಂಸ್ ನಿಂತಿದ್ದ. ಬೇರೆಯವರ ಮನೆಯ ಹೊಗೆ ನೋಡಿ ಒಳಗೆ ಏನು ಬೇಯುತ್ತಿದೆಯೆಂದು ಹೇಳಬಲ್ಲವನು ಅವನು.

"ಎಂತ ಅಣ್ಣಾ, ಬಕೆಟಲ್ಲಿ?"

ನಿಜ ಹೇಳಿದರೆ ಅರ್ಧ ಮಾತ್ರ ಕೇಳಿಸಿಕೊಂಡು ಊರಿಗೆಲ್ಲ ಹಂಚುತ್ತಾನೆ. ಗೌಡರು, "ಗೊಬ್ಬರ" ಎಂದರು.

ಬಕೆಟ್ಟಿನೊಳಗೆ ಇಪ್ಪತ್ತು ಅಜ್ಜಿಯರು ಒಟ್ಟಿಗೆ ಅಡಕೆ ಕತ್ತರಿಸಿದಂಥ ಸದ್ದಾಯಿತು.

"ಗೊಬ್ಬರ ಓಡಾಡ್ತಾ ಉಂಟಲ್ಲ?"

"ಎರೆಗೊಬ್ಬರ. ಹುಳ ಜೋರಿದೆ."

"ಬೆರಳು ಯಾಕೆ ಬದನೆಕಾಯಿ ಆಗಿದೆ?"

"ಹುಳ ಕಚ್ಚಿತು."

"ಎರೆಹುಳ? ಕಚ್ಚಿತಾ?"

ಗೌಡರು ಬಕೆಟ್ ಎತ್ತಿಕೊಂಡು ಹೊಳೆಯ ಕಡೆ ಹೊರಟರು. ಇಪ್ಪತ್ತು ಹೆಜ್ಜೆ ಹಿಂದೆ ಶ್ರೇಯಾಂಸ್. ಗೌಡರು ನಿಂತರೆ ಅವನೂ ನಿಂತು ಆಕಾಶ ನೋಡುತ್ತಿದ್ದ. ಮೂರನೆಯ ಸಲ ತಿರುಗಿದಾಗ ಅವನ ಕಿವಿಯಲ್ಲಿ ಮೊಬೈಲ್ ಇತ್ತು. ಎರಡೇ ನಿಮಿಷಕ್ಕೆ ಗೌಡರ ಮೊಬೈಲ್ ಹೊಡೆದುಕೊಂಡಿತು. ಹೆಂಡತಿ ವಿಮಲ.

"ನೀವು ಏಡಿ ತಿಂತೀರಂತೆ?"

"ಯಾರೇ ಹೇಳಿದ್ದು?"

"ಯಾರಾದ್ರೂ ಹೇಳ್ಲಿ. ಯಾವ ಪಾತ್ರೇಲಿ ಬೇಯಿಸ್ತಾ ಇದ್ರಿ? ಅದೊಂದು ಹೇಳಿ ಸಾಕು, ಇವತ್ತೇ ಆಚೆ ಹಾಕ್ತೀನಿ."

ಹೊಳೆಯ ಕಡವಿನಲ್ಲಿ ಬಟ್ಟೆ ಒಗೆಯುವವರ ದಂಡೇ ಇತ್ತು. ಅವರೆದುರು ಮುಚ್ಚಳ ತೆಗೆಯುವುದು ಆಗದ ಮಾತು. ಗೌಡರು ದಾರಿ ಬಿಟ್ಟು ಬಿದಿರುಮೆಳೆಯ ಹಿಂದಕ್ಕೆ ನುಗ್ಗಿದರು. ಅಲ್ಲಿ ಹೊಳೆಗೆ ಸೇರುವ ಕಿರಿದಾದ ತೋಡೊಂದಿತ್ತು. ಬಕೆಟ್ ಬಗ್ಗಿಸಿದರು. ಏಡಿಗಳು ಶಾಲೆ ಬಿಟ್ಟ ಮಕ್ಕಳಂತೆ ನೀರಿಗೆ ಬಿದ್ದು ಹೋದವು. ಶ್ರೇಯಾಂಸ್ ಓಡಿಬಂದಾಗ ಅವನಿಗೆ ಸಿಕ್ಕಿದ್ದು ಖಾಲಿ ಬಕೆಟ್, ತಳದಲ್ಲಿ ಮುರಿದ ಒಂದು ಏಡಿಕಾಲು. ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡ.

ನಾಲ್ಕು ಗಂಟೆಗೆ ಆ ಕರ್ಚೀಫು ಸಮಿತಿಯ ಮುಂದೆ ಬಿಚ್ಚಿಕೊಂಡಿತು. ಗೌಡರು ಇದ್ದದ್ದನ್ನು ಇದ್ದಂತೆ ಹೇಳಿದರು. ಎಂಟು ಜೊತೆ ಕಣ್ಣುಗಳು ಊದಿದ ಬೆರಳನ್ನೇ ನೋಡಿದವು.

"ಬಿಟ್ಟಿದ್ದನ್ನ ನೋಡಿದವರಿದ್ದಾರಾ?" ಎಂದು ಕೇಳಿದರು ಹಳೆಯ ಅಧ್ಯಕ್ಷ ಧರಣೇಂದ್ರಯ್ಯ.

"ತೋಡಿನ ಕೆಳಗಡೆ ಮಾತಿ ನಿಂತಿದ್ಲು," ಎಂದ ಶ್ರೇಯಾಂಸ್. "ಕರೆಸಿ. ಬಣ್ಣ ಬಯಲಾಗ್ಲಿ."

ಮಾತಿ ಬಂದು ಬಸದಿಯ ಗೇಟಿನ ಬಳಿ ನಿಂತಳು. "ಹ್ಞೂಂ, ಬಿಟ್ರು. ಈ ಕಣ್ಣಲ್ಲೇ ನೋಡ್ದೆ. ಇಪ್ಪತ್ತಮೂರು. ಒಂದೂ ಇಟ್ಕೊಳ್ಲಿಲ್ಲ ಪಾಪ."

ಗೌಡರ ಎದೆ ಹಗುರಾಯಿತು. ಧರಣೇಂದ್ರಯ್ಯ ಶ್ರೇಯಾಂಸನನ್ನು ಕೆಕ್ಕರಿಸಿ ನೋಡಿದರು. ಆದರೆ ಅವನ ಅನುಮಾನ ಅಷ್ಟಕ್ಕೆ ಸಾಯುವಂಥದ್ದಲ್ಲ.

"ಹರಿಯೋ ನೀರಲ್ಲಿ ಲೆಕ್ಕ ಹೆಂಗೆ ಸಿಕ್ತು ನಿಂಗೆ?"

"ನೀರಲ್ಲಿ ಯಾಕೆ? ಕೂಳಿ ಮೇಲೆತ್ತಿ ಎಣಿಸ್ದೆ. ತೋಡಿಗೆ ಅಡ್ಡ ಮೀನು ಹಿಡಿಯೋಕೆ ಇಟ್ಟ ನನ್ನ ಬಿದಿರಿನ ಕೂಳಿ ಇತ್ತಲ್ಲ, ಅಷ್ಟೂ ಬಂದು ಅದ್ರಲ್ಲೇ ಬಿತ್ತು." ಅವಳು ಗೌಡರ ಕಡೆ ತಿರುಗಿ ಕೈಮುಗಿದಳು. "ಬೆಳಿಗ್ಗೆ ಬಾಯಲ್ಲಿ ಕೊಡಲ್ಲ ಅಂದ್ರಿ. ಆಮೇಲೆ ಯಾರಿಗೂ ಕಾಣದಂಗೆ ನನ್ನ ಕೂಳಿ ಇರೋ ಜಾಗಾನೇ ಹುಡುಕಿ ಬಿಟ್ರಲ್ಲ! ದೊಡ್ಡ ಮನಸ್ಸು ಗೌಡ್ರೇ. ಮನೆ ತುಂಬ ನೆಂಟರಿದ್ರು, ಎಲ್ಲಾ ಹೊಟ್ಟೆ ತುಂಬ ಉಂಡ್ರು."

ಧರಣೇಂದ್ರಯ್ಯ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

ಐದೂ ಹತ್ತಕ್ಕೆ ಸಮಿತಿಯು ಶ್ರೇಯಾಂಸನನ್ನು ಅಧ್ಯಕ್ಷನನ್ನಾಗಿ ಆರಿಸಿತು.