ಒಕ್ಕಣ್ಣನ ಕುರಿಗಳು

ವೇಳೆ ತಪ್ಪಿಸುವವರನ್ನು ಕಂಡರೆ ನನಗೆ ಆಗದು. ಉಮರ್ಗಾ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಆಯುಷ್ಯ ಕಳೆದವನು ನಾನು. ನಡಿಗೆ, ಸ್ನಾನ, ಮನೆದೇವರು ಬೀರಪ್ಪನಿಗೆ ಕೈಮುಗಿದು ಚಹಾ, ಹೀಗೆ ನಿವೃತ್ತಿಯ ಮೇಲೂ ನನ್ನ ದಿನಕ್ಕೊಂದು ವೇಳಾಪತ್ರಿಕೆ ಇದೆ. ಇಂಥವನಿಗೆ, ಯುದ್ಧ ಮುಗಿಸಿ ಮನೆಗೆ ಹೊರಟು ವರ್ಷಗಟ್ಟಲೆ ದಾರಿಯಲ್ಲೇ ಉಳಿದ ಒಬ್ಬ ವೀರನ ಗ್ರೀಕ್ ಮಹಾಕಾವ್ಯ ಹೇಗೆ ಹಿಡಿಸಿತೋ ತಿಳಿಯದು. ಉದಗೀರದ ಕಾಲೇಜಿನಲ್ಲಿದ್ದಾಗ ಅದನ್ನು ಓದಿ ಹುಚ್ಚನಾಗಿದ್ದೆ. ಈಗ ಮತ್ತೆ ತೆರೆದರೆ, ಮೊದಲ ಪುಟಗಳಲ್ಲೇ ಅವನಿಂದ ವಿವರಣೆ ಕೇಳಬೇಕೆನ್ನಿಸಿತು. ಯೆಣೆಗೂರಿನ ಢಾಬಾದಲ್ಲಿ ಊಟ ಮುಗಿಸಿ ತಡವಾಗಿ ಬರುತ್ತಿದ್ದ ನಮ್ಮ ಡ್ರೈವರುಗಳು ಕೂಡ ಇವನಂತೆ ಸಮುದ್ರದೇವ ಸಿಟ್ಟಾದ ಎಂದು ನೆಪ ಹೇಳಿದವರಲ್ಲ. ಟೈರ್ ಪಂಕ್ಚರ್ ಎಂದು ಮರ್ಯಾದೆಯಿಂದ ಹೇಳುತ್ತಿದ್ದರು.

ಪುಸ್ತಕ ಮತ್ತೆ ತೆರೆಯಲು ಕಾರಣ ನನ್ನ ಹೆಂಡತಿ ಸುಂದ್ರಾಬಾಯಿಯ ಕಣ್ಣು. ಪೊರೆ ತೆಗೆಸಿಕೊಂಡು ಬಂದಿದ್ದಳು. ಒಂದು ಕಣ್ಣಿಗೆ ಪಟ್ಟಿ. ಟಿವಿ ನೋಡುವಂತಿಲ್ಲ, ಒಲೆಯ ಹತ್ತಿರ ಹೋಗುವಂತಿಲ್ಲ. ಹೇಳಿದ ವೇಳೆಗೆ ಔಷಧದ ಹನಿ ಬೀಳದಿದ್ದರೆ ಆಪರೇಷನ್ ಮಾಡಿದ್ದು ಕೆಟ್ಟೀತು ಎಂದು ಡಾಕ್ಟರು ಎಚ್ಚರಿಸಿದ್ದರು. ವೇಳೆಯ ಕೆಲಸವಾದ್ದರಿಂದ ಅದು ನನ್ನ ಪಾಲಿಗೆ ಬಂತು. ಆದರೆ ಬಾಟಲಿ ಕಂಡರೆ ಸಾಕು, ಆಕೆ ಕಣ್ಣು ಬಿಗಿದು ಮುಚ್ಚುತ್ತಾಳೆ. ಕೊನೆಗೆ ಕಥೆಯ ಆಸೆ ತೋರಿಸಿದೆ: ಮೊದಲು ಹನಿ, ಆಮೇಲೆ ಕಥೆ. ಇಂಗ್ಲಿಷ್ ಪುಸ್ತಕ ನೋಡಿಕೊಂಡು ನಾನು ಕನ್ನಡದಲ್ಲಿ ಹೇಳಬೇಕು. ಮೊದಲ ದಿನವೇ ತಕರಾರು ಬಂತು. ನಾನು ಹೇಳುವುದನ್ನು ಕೇಳಿದರೆ ಹಡಗು ಪ್ಲಾಟ್‌ಫಾರ್ಮಿನಿಂದ ಹೊರಡುತ್ತಿರುವಂತೆ ಅನ್ನಿಸುತ್ತದಂತೆ. ದನಿ ತಗ್ಗಿಸಿದೆ. ಎಲ್ಲ ಸುಸೂತ್ರವಾಗಿ ನಡೆದಿತ್ತು, ಒಕ್ಕಣ್ಣ ರಾಕ್ಷಸನ ಗವಿ ಬರುವ ತನಕ.

ಆ ರಾಕ್ಷಸ ಕುರಿ ಸಾಕಿದವನು ಎಂಬುದನ್ನು ನಾನು ಮರೆತೇ ಬಿಟ್ಟಿದ್ದೆ. ನಾವಿಬ್ಬರೂ ಕುರಿ ಕಾಯ್ದ ಮನೆತನದವರು; ಆಕೆಯ ತವರು ಜಳಕೋಟದ ಕಡೆ. ನಮ್ಮವರ ಹಟ್ಟಿಗೆ ಹೋದವರು ದೂರದಿಂದಲೇ ಕೂಗಿ, ಯಜಮಾನ ಬರುವ ತನಕ ಹೊರಗೆ ಕೂರಬೇಕು. ಹಾಲು ಕುಡಿಸದೆ ಯಾರೂ ಕಳಿಸುವುದಿಲ್ಲ, ಆದರೆ ಕೊಡುವ ಮೊದಲು ಮುಟ್ಟುವಂತಿಲ್ಲ. ನಮ್ಮ ಗ್ರೀಕ್ ವೀರನೋ ಯಜಮಾನ ಇಲ್ಲದಾಗ ಒಳಹೊಕ್ಕು, ಅವನು ಹಾಲು ಒಡೆಸಿ ಮಾಡಿಟ್ಟ ಚೀಸ್ ಗಡ್ಡೆಗಳನ್ನು ತನ್ನ ಮಂದಿಯೊಂದಿಗೆ ಕೂತು ತಿಂದ. ಕಾಲೇಜಿನಲ್ಲಿ ಇದು ನನಗೆ ಶೌರ್ಯವಾಗಿ ಕಂಡಿತ್ತು.

"ಕರೀದ ಒಳಗ ಹೊಕ್ಕನೇನ್ರಿ?" ಎಂದಳು ಸುಂದ್ರಾಬಾಯಿ.

ರಾಕ್ಷಸ ಬಂದು ವೀರನ ಜೊತೆಗಾರರನ್ನೇ ತಿಂದ ಸಂಗತಿಯನ್ನು ನಾನು ಒತ್ತಿ ಹೇಳಿದೆ. ಅದು ತಪ್ಪೇ ಎಂದು ಒಪ್ಪಿದಳು. ಆದರೆ ವೀರ ಕಾದ ಕೊಳ್ಳಿಯಿಂದ ಅವನ ಕಣ್ಣು ತಿವಿದು, ಕುರಿಗಳನ್ನೂ ಹಡಗಿಗೆ ಹೊಡೆದುಕೊಂಡು ಹೋದ ಎಂದಾಗ ಎದ್ದು ಕೂತಳು.

"ಕಣ್ಣೂ ಹ್ವಾದು, ಕುರಿನೂ ಹ್ವಾದು. ಮತ್ತ ಇಂವಾ ವೀರ?"

ಮುಂದಿನ ಹನಿಯ ವೇಳೆಗೆ ಬಾಟಲಿ ಹಿಡಿದು ಹೋದರೆ, ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಕಳ್ಳನ ವಕೀಲಿ ಮಾಡೋರು ನನ್ನ ಕಣ್ಣಿನ ಸಮೀಪ ಬರಬ್ಯಾಡ್ರಿ. ಅಂವಾ ತಿರುಗಿ ಬಂದು ಮಾಫಿ ಕೇಳ್ಯಾನೋ ಇಲ್ಲೋ, ಅಷ್ಟು ಹೇಳ್ರಿ."

ನಾನು ಡಾಕ್ಟರರ ಮಾತು ನೆನಪಿಸಿದೆ, ಬೇಡಿಕೊಂಡೆ, ಗದರಿದೆ. ಸೆರಗು ಸರಿಯಲಿಲ್ಲ. ಗಡಿಯಾರ ಮುಂದೆ ಹೋಗುತ್ತಿತ್ತು. ಪುಸ್ತಕದಲ್ಲೋ ವೀರ ಹಡಗಿನ ಮೇಲೆ ನಿಂತು ತನ್ನ ಹೆಸರು ಕೂಗಿ ಮೆರೆಯುತ್ತಿದ್ದ. ಮಾಫಿಯ ಸುದ್ದಿಯೇ ಇಲ್ಲ.

"ಬಂದ," ಎಂದುಬಿಟ್ಟೆ. "ಹಡಗ ತಿರುಗಿಸಿ ಬಂದ. ಕುರಿ ವಾಪಸ್ ಕೊಟ್ಟ. ಭಂಡಾರ ಮುಟ್ಟಿ ತಪ್ಪಾಯ್ತಂದ. ಇಬ್ಬರೂ ಹಣಿಗಿ ಹಚ್ಕೊಂಡ್ರು."

ಭಂಡಾರವೆಂದರೆ ಬೀರಪ್ಪನ ಅರಿಶಿನಪುಡಿ. ಅದನ್ನು ಮುಟ್ಟಿ ತಪ್ಪು ಒಪ್ಪಿಕೊಂಡ ಮೇಲೆ ನಮ್ಮವರಲ್ಲಿ ಆ ಜಗಳವನ್ನು ಮತ್ತೆ ಯಾರೂ ಎತ್ತುವಂತಿಲ್ಲ.

ಸೆರಗಿನೊಳಗಿಂದಲೇ ಪ್ರಶ್ನೆ ಬಂತು.

"ಸಮುದ್ರದಾಗ ಅಂವಗ ಭಂಡಾರ ಎಲ್ಲಿ ಸಿಕ್ತರಿ?"

"ಔರಾದ ಸಂತಿಯಿಂದ ಒಯ್ದಿದ್ದ."

ಸೆರಗು ಅಲುಗಾಡತೊಡಗಿತು. ನಗುತ್ತಿದ್ದಳು. ಮುಖ ಮೇಲೆತ್ತಿ, ಪಟ್ಟಿ ಸರಿಸಿ ಕಣ್ಣು ಬಿಟ್ಟಳು. "ಹಾಕ್ರಿ. ಅಂವಗಿಂತ ನೀವ ದೊಡ್ಡ ಸುಳ್ಳಗಾರ."

ಸುಳ್ಳೆಂದು ಗೊತ್ತಿದ್ದರೂ, ನಿಲಂಗಾದಿಂದ ನೋಡಲು ಬಂದ ತನ್ನ ತಂಗಿಗೆ ಭಂಡಾರದ ಸಮೇತವೇ ಕಥೆ ಹೇಳಿದಳು. ಗ್ರೀಕರು ಇಷ್ಟು ದೈವಭಕ್ತರೆಂದು ತಿಳಿದಿರಲಿಲ್ಲ ಎಂದು ತಂಗಿ ಮೆಚ್ಚಿಕೊಂಡಳು. ನಾನು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಗಂಭೀರವಾಗಿ ತಲೆದೂಗಿದೆ.

ಮುಂದಿನ ಭಾಗ ಈಗಾಗಲೇ ಓದಿ ನೋಡಿದ್ದೇನೆ. ಮನೆ ಮುಟ್ಟಿದ ವೀರ, ತನ್ನ ಹೆಂಡತಿಯನ್ನು ಮದುವೆಯಾಗಲು ಬಂದು ಕೂತವರನ್ನೆಲ್ಲ ಬಾಣ ಬಿಟ್ಟು ಕೊಲ್ಲುತ್ತಾನೆ. ಅಷ್ಟೂ ಮಂದಿಯನ್ನು ಎಬ್ಬಿಸಿ, ಹಣೆಗೆ ಭಂಡಾರ ಹಚ್ಚಿಸಿ, ಉಣ್ಣಿಸಿ ಕಳಿಸುವ ದಾರಿ ನನಗಿನ್ನೂ ಹೊಳೆದಿಲ್ಲ. ಬಾಟಲಿಯಲ್ಲಿ ಅರ್ಧ ಔಷಧ ಉಳಿದಿದೆ. ಎರಡನೆಯ ಕಣ್ಣಿನ ಪೊರೆ ಬೇರೆ ಬಲಿಯುತ್ತಿದೆಯಂತೆ. ಆದ್ದರಿಂದ ಸದ್ಯಕ್ಕೆ ಅವನನ್ನು ಒಂದು ದ್ವೀಪದಲ್ಲಿ ಕೂಡಿಸಿದ್ದೇನೆ. ಹೊರಡುತ್ತೇನೆಂದು ಅವನು ದಿನಾ ಅನ್ನುತ್ತಾನೆ, ನಾನೇ ಬಿಡುತ್ತಿಲ್ಲ.